ಮೀನಿನ ತೊಟ್ಟಿಗೆ ಬೆಳಕು ಮತ್ತು ಗಾಳಿ: ಪೆಟ್ಟಿಗೆಯ ಮೇಲಿನ ಮಾತು ಸಾಲದು

ಮಾನ್ಯ ಸಂಪಾದಕರೇ,

ಮನೆಯಲ್ಲಿ ಪುಟ್ಟ ಅಕ್ವೇರಿಯಂ ಇಡುವ ಹವ್ಯಾಸದ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಮೀನುಗಳ ಜಾತಿ, ಬಣ್ಣ, ಆಹಾರ ಮತ್ತು ತೊಟ್ಟಿಯ ಅಲಂಕಾರದ ಸುತ್ತಲೇ ಇರುತ್ತವೆ. ಆ ಮೀನುಗಳು ಉಸಿರಾಡುವ ನೀರಿಗೆ ಗಾಳಿಯೂಡುವ ಪಂಪನ್ನೂ ಅಲ್ಲಿನ ಗಿಡಗಳನ್ನು ಬದುಕಿಸುವ ದೀಪವನ್ನೂ ಹೇಗೆ ಆರಿಸಬೇಕೆಂಬ ವಿಷಯ ಕೊನೆಯ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಐವತ್ತು ಅರವತ್ತು ಲೀಟರು ನೀರು ಹಿಡಿಯುವ ಚಿಕ್ಕ ತೊಟ್ಟಿಗಳಲ್ಲಿ ಗಾಜಿಗೆ ಪಾಚಿ ಕಟ್ಟುವುದಕ್ಕೂ, ಗಿಡಗಳು ಕೊಳೆಯುವುದಕ್ಕೂ, ಬೆಳಗಾಗುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಾ ನಿಲ್ಲುವುದಕ್ಕೂ ಈ ಎರಡು ಉಪಕರಣಗಳ ತಪ್ಪು ಆಯ್ಕೆ ಅಥವಾ ತಪ್ಪು ಬಳಕೆ ಎಷ್ಟೋ ಸಲ ಕಾರಣವಾಗಿರುತ್ತದೆ. ಹೊಸದಾಗಿ ಈ ಹವ್ಯಾಸಕ್ಕೆ ಕಾಲಿಡುವವರಿಗೆ ನೆರವಾಗಬಹುದೆಂಬ ಆಸೆಯಿಂದಲೂ, ಇವನ್ನು ತಯಾರಿಸಿ ಮಾರುವವರಲ್ಲಿ ಒಂದು ಕೋರಿಕೆ ಇಡಬೇಕೆಂಬ ಉದ್ದೇಶದಿಂದಲೂ ಈ ಪತ್ರವನ್ನು ಬರೆಯುತ್ತಿದ್ದೇನೆ.

ದೀಪವನ್ನೂ ಪಂಪನ್ನೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸರಕುಗಳೆಂದು ಭಾವಿಸಿ, ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನೋಡಿ ಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತೊಟ್ಟಿಯಲ್ಲಿ ಯಾವ ಮೀನು, ಎಷ್ಟು ಮೀನು, ಯಾವ ಗಿಡ ಇರಬೇಕೆಂಬುದು ಮೊದಲು ತೀರ್ಮಾನವಾಗಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ಆರಿಸಬೇಕು. ಇದು ಹೊಸ ತಿಳಿವಳಿಕೆಯೇನಲ್ಲ. 1850ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್‌ಫಿಶ್‌ಗಳನ್ನು, ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನು ಮತ್ತು ಕೊಳೆತ ಎಲೆಗಳನ್ನು ತಿನ್ನುವ ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಬೆಳಕಿನಲ್ಲಿ ಗಿಡ ಬಿಡುವ ಆಮ್ಲಜನಕವು ಮೀನುಗಳ ಉಸಿರಾಟಕ್ಕೆ ಒದಗುತ್ತದೆಂದು ವಿವರಿಸಿದ್ದರು. ವಿದ್ಯುತ್ ಪಂಪು ಇಲ್ಲದ ಆ ಕಾಲದಲ್ಲೇ ಬೆಳಕಿನ ಪ್ರಶ್ನೆಯೂ ಗಾಳಿಯ ಪ್ರಶ್ನೆಯೂ ಒಂದೇ ಎಂಬುದು ಗೊತ್ತಾಗಿತ್ತು. ಇಂದು ಅಂಗಡಿಯ ಕಪಾಟಿನಲ್ಲಿ ಅವು ಬೇರೆ ಬೇರೆ ಸಾಲಿನಲ್ಲಿ ಕೂತಿರುವುದರಿಂದ ನಾವು ಅದನ್ನು ಮರೆಯುತ್ತಿದ್ದೇವೆ.

ಮೊದಲು ಗಾಳಿಯ ವಿಷಯ. ನೀರಿನಲ್ಲಿ ಕರಗಿರುವ ಆಮ್ಲಜನಕ ಎಷ್ಟು ಕಡಿಮೆ ಎಂಬುದನ್ನು ಅಂಕಿಗಳಲ್ಲಿ ನೋಡಿದರೆ ಮಾತ್ರ ಅರ್ಥವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಸಿಹಿನೀರು, ಗಾಳಿಯೊಂದಿಗೆ ಪೂರ್ತಿ ಸಮತೋಲಕ್ಕೆ ಬಂದಾಗಲೂ, ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಡುತ್ತದೆ; 25 ಡಿಗ್ರಿಯಲ್ಲಿ ಅದು 8ರ ಆಸುಪಾಸಿಗೆ, 30 ಡಿಗ್ರಿಯಲ್ಲಿ ಸುಮಾರು 7.5ಕ್ಕೆ ಇಳಿಯುತ್ತದೆ. ನೀರು ಬೆಚ್ಚಗಾದಂತೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತಾ ಹೋಗುವುದರಿಂದ, ಬಿಸಿ ದಿನಗಳಲ್ಲಿ ಪೂರೈಕೆ ಕುಗ್ಗಿ ಬೇಡಿಕೆ ಏರುವ ಇಕ್ಕಟ್ಟು ಉಂಟಾಗುತ್ತದೆ. ಇದರ ಜೊತೆಗೆ, ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ನೀರು ಅಲುಗಾಡದೆ ನಿಂತಿದ್ದರೆ ಮೇಲ್ಪದರಕ್ಕೆ ಸೇರಿದ ಆಮ್ಲಜನಕ ತಳದಲ್ಲಿರುವ ಮೀನಿಗೆ ತಲುಪುವುದು ತೀರ ತಡ.

ಏರ್ ಪಂಪ್ ನಿಜವಾಗಿ ಮಾಡುವ ಕೆಲಸ ಇಲ್ಲೇ ಇದೆ. ಗುಳ್ಳೆಗಳೇ ನೀರಿಗೆ ಆಮ್ಲಜನಕವನ್ನು ತುಂಬುತ್ತವೆ ಎಂದು ಬಹುಮಂದಿ ನಂಬಿದ್ದಾರೆ. ಮೂವತ್ತು ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ ಒಂದು ಗುಳ್ಳೆ ತಳದಿಂದ ಮೇಲೆ ಬರಲು ಒಂದೆರಡು ಸೆಕೆಂಡು ಸಾಕು. ಅಷ್ಟರೊಳಗೆ ಅದು ನೀರಿಗೆ ಕೊಡುವ ಆಮ್ಲಜನಕ ಅಲ್ಪ. ಮೇಲೇರುವ ಗುಳ್ಳೆಗಳ ಸಾಲು ತಳದ ನೀರನ್ನು ತನ್ನೊಡನೆ ಎತ್ತಿ ತರುತ್ತದೆ, ಮೇಲ್ಮೈಯನ್ನು ಒಡೆಯುತ್ತದೆ, ಅಲ್ಲಿ ಎಣ್ಣೆಯಂತೆ ಕಟ್ಟಿಕೊಂಡಿರುವ ತೆಳು ಪೊರೆಯನ್ನು ಚದುರಿಸುತ್ತದೆ. ಆಮ್ಲಜನಕ ಒಳಸೇರುವುದೂ ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಬಹುಪಾಲು ಆ ಮೇಲ್ಮೈಯಲ್ಲೇ. ಆದ್ದರಿಂದ ಪಂಪನ್ನು ಆರಿಸುವ ಮೊದಲು ತೊಟ್ಟಿಯ ಆಕಾರವನ್ನು ನೋಡಬೇಕು. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಗೆ 1800 ಚದರ ಸೆಂಟಿಮೀಟರ್ ಮೇಲ್ಮೈ ಇರುತ್ತದೆ. ಅದೇ 54 ಲೀಟರನ್ನು 30 ಸೆಂಟಿಮೀಟರ್ ಚೌಕದ ತಳವಿರುವ, 60 ಸೆಂಟಿಮೀಟರ್ ಎತ್ತರದ ತೊಟ್ಟಿಗೆ ತುಂಬಿದರೆ ಮೇಲ್ಮೈ 900ಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಕುತ್ತಿಗೆಯವರೆಗೆ ನೀರು ತುಂಬಿದ ಗಾಜಿನ ಗುಂಡು ಪಾತ್ರೆಯ ಸ್ಥಿತಿ ಇನ್ನೂ ಕಷ್ಟದ್ದು. ಉದ್ದ ಮತ್ತು ಅಗಲ ಹೆಚ್ಚಿರುವ ತೊಟ್ಟಿಯನ್ನು ಆರಿಸಿಕೊಂಡವರು ಅರ್ಧ ಸಮಸ್ಯೆಯನ್ನು ಪಂಪು ಕೊಳ್ಳುವ ಮೊದಲೇ ಬಗೆಹರಿಸಿಕೊಂಡಿರುತ್ತಾರೆ.

ಚಿಕ್ಕ ತೊಟ್ಟಿಗೆ ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುವುದು ಸಣ್ಣ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರನ್ನು. ಕೊಳವೆಯೊಳಗೆ ಮೇಲೇರುವ ಗಾಳಿ ಸ್ಪಂಜಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಕಸ ಸ್ಪಂಜಿನಲ್ಲಿ ನಿಲ್ಲುತ್ತದೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಅದೇ ಸ್ಪಂಜಿನಲ್ಲಿ ನೆಲೆಯೂರುತ್ತವೆ. ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕೆಂಬುದನ್ನು ಹೊಸಬರು ಗಮನಿಸುವುದಿಲ್ಲ. ಅಮೋನಿಯಾ ರೂಪದ ಒಂದು ಮಿಲಿಗ್ರಾಂ ಸಾರಜನಕವನ್ನು ನೈಟ್ರೇಟ್ ಆಗಿಸಲು ಅವು ಸುಮಾರು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕವನ್ನು ಬಳಸುತ್ತವೆ. ಹೀಗಾಗಿ ಗಾಳಿಯ ಲೆಕ್ಕವನ್ನು ಮೀನುಗಳ ಎಣಿಕೆಯಿಂದ ಮಾತ್ರ ಹಾಕಿದರೆ ತಪ್ಪಾಗುತ್ತದೆ. ಸ್ಪಂಜನ್ನು ತೊಳೆಯುವಾಗ ಕ್ಲೋರಿನ್ ಬೆರೆತ ನಲ್ಲಿ ನೀರನ್ನು ಬಳಸದೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ಮರಳಿ ಇಡಬೇಕು. ಈಗಾಗಲೇ ಒಳ್ಳೆಯ ವಿದ್ಯುತ್ ಫಿಲ್ಟರ್ ಇದ್ದು, ಅದರಿಂದ ಹೊರಬರುವ ನೀರು ಮೇಲ್ಮೈಯನ್ನು ಚೆನ್ನಾಗಿ ಕದಡುತ್ತಿದ್ದರೆ ಪ್ರತ್ಯೇಕ ಏರ್ ಪಂಪಿನ ಅಗತ್ಯವೇ ಇರುವುದಿಲ್ಲ. ಈ ಮಾತನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ.

ಏರ್ ಪಂಪಿನ ಪೆಟ್ಟಿಗೆಯ ಮೇಲೆ ನಿಮಿಷಕ್ಕೆ ಇಷ್ಟು ಲೀಟರು ಗಾಳಿ ಎಂದು ಬರೆದಿರುತ್ತದೆ. ಎಷ್ಟು ಆಳದಲ್ಲಿ ಎಂಬುದನ್ನು ಬರೆಯದಿದ್ದರೆ ಆ ಸಂಖ್ಯೆಯಿಂದ ಹೆಚ್ಚು ಪ್ರಯೋಜನವಿಲ್ಲ. ನೀರಿನ ಆಳ ಹೆಚ್ಚಿದಂತೆ ಪಂಪು ಎದುರಿಸಬೇಕಾದ ಒತ್ತಡ ಹೆಚ್ಚುತ್ತದೆ. ಸಣ್ಣ ಸಣ್ಣ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿದರೆ ಆ ಕಲ್ಲಿನ ಸಣ್ಣ ರಂಧ್ರಗಳ ಮೂಲಕ ಗಾಳಿಯನ್ನು ತಳ್ಳುವುದಕ್ಕೂ ಇನ್ನಷ್ಟು ಒತ್ತಡ ಬೇಕು. ಬಯಲಿನಲ್ಲಿ ಜೋರಾಗಿ ಗಾಳಿ ಊದುವ ಪಂಪು ತೊಟ್ಟಿಯ ತಳದಲ್ಲಿ ಸೊರಗುವುದು ಈ ಕಾರಣದಿಂದ. ಐವತ್ತು ಲೀಟರಿನ ತೊಟ್ಟಿಗೂ ಒಂದು ಸ್ಪಂಜ್ ಫಿಲ್ಟರಿಗೂ ನಿಮಿಷಕ್ಕೆ ಒಂದೆರಡು ಲೀಟರು ಗಾಳಿ ನೀಡುವ ಸಣ್ಣ ಪಂಪು ಸಾಕಾಗುತ್ತದೆ. ಪಂಪು ಸ್ವಲ್ಪ ಬಲವಾಗಿದ್ದರೆ ಕೊಳವೆಗೆ ಕವಲು ವಾಲ್ವ್ ಹಾಕಿ ಹೆಚ್ಚುವರಿ ಗಾಳಿಯನ್ನು ಹೊರಗೆ ಬಿಡಬಹುದು. ಕೊಳವೆಯನ್ನು ಮಡಚಿ ಅಥವಾ ಬಿಗಿದು ಗಾಳಿಯನ್ನು ತಡೆಯುವುದು ಮಾತ್ರ ಕೂಡದು, ಅದರಿಂದ ಒಳಗೆ ಗಾಳಿಯನ್ನು ತಳ್ಳುವ ರಬ್ಬರ್ ಪೊರೆ, ಅಂದರೆ ಡಯಾಫ್ರಂ, ಬೇಗ ಸವೆಯುತ್ತದೆ. ಡಯಾಫ್ರಂ ಬಿಡಿಯಾಗಿ ಸಿಗುವ ಪಂಪನ್ನೇ ಆರಿಸುವುದು ಜಾಣತನ. ಸದ್ದು ದಿನೇ ದಿನೇ ಏರುತ್ತಿದ್ದರೆ ಡಯಾಫ್ರಂ ಸವೆದಿರಬಹುದು, ಇಲ್ಲವೇ ಏರ್ ಸ್ಟೋನ್ ಕಟ್ಟಿಕೊಂಡಿರಬಹುದು.

ಸದ್ದಿನ ಮಾತು ಬಂದಿದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನಿದ್ದೆಗೆ ತೊಂದರೆಯಾಗುತ್ತದೆಂದು ರಾತ್ರಿ ಪಂಪನ್ನು ನಿಲ್ಲಿಸಿ ಮಲಗುವವರು ಅನೇಕರಿದ್ದಾರೆ. ಗಿಡಗಳಿರುವ ತೊಟ್ಟಿಯಲ್ಲಿ ಇದಕ್ಕಿಂತ ಕೆಟ್ಟ ವೇಳೆಯನ್ನು ಆರಿಸಲು ಸಾಧ್ಯವಿಲ್ಲ. ಹಗಲು ಬೆಳಕಿನಲ್ಲಿ ಆಮ್ಲಜನಕ ಬಿಡುವ ಗಿಡಗಳು ಕತ್ತಲಾದ ಮೇಲೆ ಮೀನು, ಬ್ಯಾಕ್ಟೀರಿಯಾಗಳಂತೆ ತಾವೂ ಅದನ್ನು ಬಳಸತೊಡಗುತ್ತವೆ. ಆಮ್ಲಜನಕ ಅತ್ಯಂತ ಕಡಿಮೆಯಾಗುವುದು ದೀಪ ಮತ್ತೆ ಹೊತ್ತುವ ಸ್ವಲ್ಪ ಮೊದಲು, ಬೆಳಗಿನ ಜಾವದಲ್ಲಿ. ಸದ್ದು ಸಹಿಸಲಾಗದಿದ್ದರೆ ಮೆಲ್ಲಗೆ ನಡೆಯುವ ಪಂಪನ್ನು ಕೊಳ್ಳಬೇಕು, ಅದರ ಕೆಳಗೆ ದಪ್ಪ ಸ್ಪಂಜಿನ ತುಂಡನ್ನು ಇಡಬೇಕು, ಅದು ಗೋಡೆಗೂ ತೊಟ್ಟಿಗೂ ತಾಗದಂತೆ ನೋಡಿಕೊಳ್ಳಬೇಕು. ವಿದ್ಯುತ್ ಆಗಾಗ ಹೋಗುವ ಕಡೆಗಳಲ್ಲಿ, ವಿದ್ಯುತ್ ನಿಂತ ಕೂಡಲೇ ತಾನಾಗಿ ಚಾಲೂ ಆಗುವ ಬ್ಯಾಟರಿ ಪಂಪನ್ನು ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಯಾವ ಅಲಂಕಾರದ ವಸ್ತುವಿಗಿಂತಲೂ ಮೊದಲಿನ ಖರ್ಚು.

ಎಲ್ಲ ಮೀನುಗಳಿಗೂ ಒಂದೇ ಪ್ರಮಾಣದ ಅಲೆ ಹಿತವಲ್ಲ. ಬೆಟ್ಟಾ ಮತ್ತು ಗೌರಾಮಿ ಜಾತಿಗಳಿಗೆ ಕಿವಿರಿನ ಜೊತೆಗೆ ಲ್ಯಾಬಿರಿಂಥ್ ಎಂಬ ವಿಶೇಷ ಅಂಗವಿದ್ದು, ಅವು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲವು. ಅವುಗಳ ತೊಟ್ಟಿಯಲ್ಲಿ ಗುಳ್ಳೆಗಳ ಅಬ್ಬರವಿದ್ದರೆ ಉದ್ದ ರೆಕ್ಕೆಯ ಬೆಟ್ಟಾ ಈಜಲಾಗದೆ ಬಳಲುತ್ತದೆ. ಮುಚ್ಚಳಕ್ಕೂ ನೀರಿಗೂ ನಡುವೆ ಸ್ವಲ್ಪ ಜಾಗವಿದ್ದು, ಮೆಲ್ಲನೆ ನಡೆಯುವ ಸ್ಪಂಜ್ ಫಿಲ್ಟರ್ ಇದ್ದರೆ ಅದಕ್ಕೆ ಸಾಕು. ಇದಕ್ಕೆ ವಿರುದ್ಧವಾಗಿ ಗೋಲ್ಡ್‌ಫಿಶ್ ಬಹಳ ತಿಂದು ಬಹಳ ಹೊಲಸು ಮಾಡುವ, ದೊಡ್ಡದಾಗಿ ಬೆಳೆಯುವ ಮೀನು. ಚಿಕ್ಕ ತೊಟ್ಟಿಯಲ್ಲಿ ಎಷ್ಟು ಗಾಳಿ ಊದಿದರೂ ಅದರ ಸಮಸ್ಯೆ ತೀರುವುದಿಲ್ಲ, ಅದಕ್ಕೆ ಬೇಕಿರುವುದು ದೊಡ್ಡ ತೊಟ್ಟಿ. ಮೀನು ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ ಗಾಳಿಯ ಕೊರತೆಯೊಂದೇ ಕಾರಣವೆಂದು ತೀರ್ಮಾನಿಸಲೂ ಬಾರದು. ಅಮೋನಿಯಾ, ನೈಟ್ರೈಟ್, ಕ್ಲೋರಿನ್ ಇವು ಕಿವಿರಿಗೆ ಅಥವಾ ರಕ್ತಕ್ಕೆ ಹಾನಿ ಮಾಡಿದಾಗಲೂ ಮೀನು ಹಾಗೆಯೇ ವರ್ತಿಸುತ್ತದೆ. ಗಾಳಿಯನ್ನು ಹೆಚ್ಚಿಸುವುದರ ಜೊತೆಗೆ ನೀರನ್ನು ಪರೀಕ್ಷಿಸಿಯೇ ನೋಡಬೇಕು.

ಇನ್ನು ಬೆಳಕು. ಮೀನುಗಳಿಗೆ ಪ್ರಖರ ದೀಪ ಬೇಕಾಗಿಲ್ಲ. ನಿಯಾನ್ ಟೆಟ್ರಾದಂಥವು ಮರಗಳ ನೆರಳಿನ, ಎಲೆಗಳ ಕಷಾಯದಿಂದ ಕಂದಾದ ಹೊಳೆಗಳಿಂದ ಬಂದವು. ತೀಕ್ಷ್ಣ ಬೆಳಕಿನಲ್ಲಿ ಅವು ಬೆದರಿ ಬಣ್ಣಗೆಡುತ್ತವೆ. ಬಹುತೇಕ ಮೀನುಗಳಿಗೆ ಕಣ್ಣಿನ ರೆಪ್ಪೆಯೇ ಇಲ್ಲದಿರುವಾಗ, ನೋಟಕ್ಕೆ ಚಂದವೆಂದು ರಾತ್ರಿಯಿಡೀ ನೀಲಿ ದೀಪ ಉರಿಸುವುದು ಅವುಗಳ ವಿಶ್ರಾಂತಿಯನ್ನು ಕಸಿದಂತೆ. ಗಿಡಗಳಿಲ್ಲದ ತೊಟ್ಟಿಯಾದರೆ ನಮಗೆ ಮೀನು ಕಾಣುವಷ್ಟು ಬೆಳಕಿನ ಸಾದಾ ದೀಪ ಸಾಕು, ಅದರ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ದೀಪದ ಆಯ್ಕೆ ನಿಜವಾಗಿ ಮುಖ್ಯವಾಗುವುದು ಗಿಡಗಳಿಗೆ.

ಹಳೆಯ ಟ್ಯೂಬ್‌ಲೈಟುಗಳ ಕಾಲದಲ್ಲಿ ಒಂದು ಗ್ಯಾಲನ್ ನೀರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕ ಹುಟ್ಟಿಕೊಂಡಿತು. ಅದನ್ನೇ ಇಂದಿಗೂ ಹೇಳುವವರಿದ್ದಾರೆ. ವ್ಯಾಟ್ ಎಂಬುದು ದೀಪ ಬಳಸುವ ವಿದ್ಯುತ್ತಿನ ಅಳತೆ, ಕೊಡುವ ಬೆಳಕಿನದಲ್ಲ. ತಂತಿಯ ಹಳೆಯ ಬಲ್ಬು ಒಂದು ವ್ಯಾಟಿಗೆ ಹತ್ತು ಹದಿನೈದು ಲ್ಯುಮೆನ್ ಕೊಟ್ಟರೆ, ಒಳ್ಳೆಯ ಎಲ್‌ಇಡಿ ನೂರರ ಆಸುಪಾಸು ಕೊಡುತ್ತದೆ. ಎಲ್‌ಇಡಿಗಳಲ್ಲಿಯೇ ಒಂದಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸವಿದೆ. ಲ್ಯುಮೆನ್ ಕೂಡ ಮನುಷ್ಯನ ಕಣ್ಣಿಗೆ ತೋರುವ ಪ್ರಕಾಶದ ಅಳತೆ. ನಮ್ಮ ಕಣ್ಣು ಹಳದಿ ಮಿಶ್ರಿತ ಹಸಿರನ್ನು ಹೆಚ್ಚು ಗ್ರಹಿಸುತ್ತದೆ, ಗಿಡದ ಹರಿತ್ತು ನೀಲಿಯನ್ನೂ ಕೆಂಪನ್ನೂ ಹೆಚ್ಚು ಹೀರುತ್ತದೆ. ಗಿಡಕ್ಕೆ ಉಪಯೋಗವಾಗುವ, 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು ತೊಟ್ಟಿಯ ತಳಕ್ಕೆ ಎಷ್ಟು ತಲುಪುತ್ತದೆ ಎಂಬುದನ್ನು ಹೇಳುವ ಅಳತೆಯನ್ನು ಪಾರ್ ಎಂದು ಕರೆಯುತ್ತಾರೆ. ಆಯ್ಕೆಗೆ ಆಧಾರವಾಗಬೇಕಾದದ್ದು ಇದು. ಆದರೆ ಅಗ್ಗದ ದೀಪಗಳ ಪೆಟ್ಟಿಗೆಯ ಮೇಲೆ ಇದು ಇರುವುದೇ ಇಲ್ಲ. ಪಾರ್ ಸಿಗದಿದ್ದಾಗ ಲ್ಯುಮೆನ್ ಲೆಕ್ಕವನ್ನು ಸ್ಥೂಲವಾಗಿ ಬಳಸಬಹುದು. ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್, ಕ್ರಿಪ್ಟೋಕೊರೈನ್‌ನಂತಹ ನೆರಳು ಸಹಿಸುವ ಗಿಡಗಳಿಗೆ ಲೀಟರಿಗೆ 10ರಿಂದ 20 ಲ್ಯುಮೆನ್ ಸಾಕು. 54 ಲೀಟರಿನ ತೊಟ್ಟಿಗೆ ಇದು 540ರಿಂದ 1080 ಲ್ಯುಮೆನ್ ಆಗುತ್ತದೆ. ಬೆಳಕಿನ ಬಣ್ಣ ಹಗಲನ್ನು ಹೋಲುವ 6500 ಕೆಲ್ವಿನ್ ಸುತ್ತಮುತ್ತ ಇದ್ದರೆ ಗಿಡಕ್ಕೂ ನೋಟಕ್ಕೂ ಹೊಂದುತ್ತದೆ. ನೆಲದ ಮೇಲೆ ಹಾಸಿನಂತೆ ಹರಡುವ ಅಥವಾ ಕೆಂಪೆಲೆಯ ಗಿಡಗಳಿಗೆ ಹೆಚ್ಚಿನ ಬೆಳಕು ಬೇಕು; ಅಂಥ ಬೆಳಕಿನ ಜೊತೆಗೆ ಗೊಬ್ಬರವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡಬೇಕಾಗುತ್ತದೆ. ಚಿಕ್ಕ ತೊಟ್ಟಿಯ ಮೊದಲ ಪ್ರಯತ್ನದಲ್ಲಿ ಆ ದಾರಿ ಬೇಡವೆಂಬುದು ನನ್ನ ಸಲಹೆ.

ಬೆಳಕು ಕಡಿಮೆಯಾದುದರಿಂದ ಕೆಟ್ಟ ತೊಟ್ಟಿಗಳಿಗಿಂತ ಹೆಚ್ಚಾದುದರಿಂದ ಕೆಟ್ಟ ತೊಟ್ಟಿಗಳೇ ಹೆಚ್ಚೆಂದು ನನಗೆ ಅನಿಸುತ್ತದೆ. ಗಿಡಗಳು ಬಳಸಿಕೊಳ್ಳಲಾಗದೆ ಉಳಿದ ಬೆಳಕೂ ಪೋಷಕಾಂಶವೂ ಪಾಚಿಯ ಪಾಲಾಗುತ್ತವೆ. ಹೊಸ ತೊಟ್ಟಿಯಲ್ಲಿ ಗಿಡಗಳು ಇನ್ನೂ ಬೇರು ಬಿಟ್ಟಿರುವುದಿಲ್ಲ. ಆ ಮೊದಲ ವಾರಗಳಲ್ಲಿ ದಿನಕ್ಕೆ ಆರು ಗಂಟೆ ಬೆಳಕು ಕೊಟ್ಟು, ಎಲೆಗಳು ಹೊಸದಾಗಿ ಚಿಗುರತೊಡಗಿದ ಮೇಲೆ ಎಂಟು ಗಂಟೆಗೆ ಏರಿಸಬಹುದು. ಕೈಯಿಂದ ಸ್ವಿಚ್ ಹಾಕುವವರಿಗೆ ಈ ನಿಯಮ ಪಾಲಿಸುವುದು ಕಷ್ಟ, ಆದ್ದರಿಂದ ದೀಪದ ಜೊತೆಗೆ ಟೈಮರನ್ನೂ ಕೊಳ್ಳಲೇಬೇಕು. ಪ್ರಕಾಶವನ್ನು ತಗ್ಗಿಸಿ ಏರಿಸುವ ಸೌಲಭ್ಯವಿರುವ ದೀಪ ಸಿಕ್ಕರೆ ಇನ್ನೂ ಒಳ್ಳೆಯದು: ಖರೀದಿಯ ದಿನ ಲೆಕ್ಕ ತಪ್ಪಿದರೂ ಆಮೇಲೆ ತಿದ್ದಿಕೊಳ್ಳಬಹುದು, ಕತ್ತಲಿನಲ್ಲಿ ಒಮ್ಮೆಲೇ ದೀಪ ಹೊತ್ತಿ ಮೀನು ಬೆಚ್ಚಿಬೀಳುವುದೂ ತಪ್ಪುತ್ತದೆ. ಕಿಟಕಿಯ ನೇರ ಬಿಸಿಲು ಬೀಳುವಲ್ಲಿ ತೊಟ್ಟಿ ಇಟ್ಟರೆ ಈ ಎಲ್ಲ ಎಚ್ಚರವೂ ವ್ಯರ್ಥವಾಗುತ್ತದೆ; ಬಿಸಿಲಿನ ಪ್ರಮಾಣ ನಮ್ಮ ಕೈಯಲ್ಲಿಲ್ಲ, ನೀರೂ ಕಾಯುತ್ತದೆ.

ಈ ಎರಡು ಉಪಕರಣಗಳು ಒಂದರ ಕೆಲಸವನ್ನು ಇನ್ನೊಂದು ಹೇಗೆ ಬದಲಿಸುತ್ತದೆ ಎಂಬುದು ಆಯ್ಕೆಯ ಹೊತ್ತಿನಲ್ಲಿ ನೆನಪಿರಬೇಕು. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಕೊಡುವವರು ಹಗಲಿಡೀ ಏರ್ ಸ್ಟೋನನ್ನು ಜೋರಾಗಿ ನಡೆಸಿದರೆ ಆ ಅನಿಲ ಗಿಡಕ್ಕೆ ಸಿಗುವ ಮೊದಲೇ ಹೊರಹೋಗುತ್ತದೆ. ಅಂಥವರು ದೀಪ ಆರಿದ ಮೇಲೆ ಗಾಳಿ ಚಾಲೂ ಆಗುವಂತೆ ಇನ್ನೊಂದು ಟೈಮರ್ ಇಡುವುದು ಸರಿಯಾದ ಕ್ರಮ. ಗುಳ್ಳೆಗಳು ಒಡೆದು ಸಿಡಿಯುವ ಹನಿಗಳು ಗಾಜಿನ ಮುಚ್ಚಳದ ಮೇಲೆ ಒಣಗಿ ಬಿಳಿ ಲವಣದ ಪದರ ಕಟ್ಟುತ್ತದೆ. ಅದನ್ನು ಒರೆಸದೆ ಬಿಟ್ಟರೆ ದೀಪ ಎಷ್ಟೇ ಒಳ್ಳೆಯದಿದ್ದರೂ ಬೆಳಕು ಕೆಳಗಿಳಿಯುವುದಿಲ್ಲ. ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಾಗಿ ಕೂರಿಸಿ, ಅದರ ಮೇಲೆಯೇ ಬಿಸಿಯಾಗುವ ದೀಪ ಇಟ್ಟರೆ ಚಿಕ್ಕ ತೊಟ್ಟಿಯ ನೀರು ಬೇಗ ಬೆಚ್ಚಗಾಗುತ್ತದೆ, ಆಗ ಮೇಲೆ ಹೇಳಿದ ಆಮ್ಲಜನಕದ ಇಕ್ಕಟ್ಟು ಮರಳಿ ಬರುತ್ತದೆ. ಶಾಖ ಹೊರಹಾಕುವ ಲೋಹದ ಬೆನ್ನು ಇರುವ, ಗಾಜಿನಿಂದ ಸ್ವಲ್ಪ ಮೇಲೆ ಕಾಲುಗಳ ಮೇಲೆ ನಿಲ್ಲುವ ದೀಪ ಈ ದೃಷ್ಟಿಯಿಂದ ಉತ್ತಮ.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಇರಬಾರದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಆಗದಿದ್ದರೆ ಗಾಳಿಯ ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಕಡ್ಡಾಯ, ಇಲ್ಲವಾದರೆ ವಿದ್ಯುತ್ ಹೋದಾಗ ತೊಟ್ಟಿಯ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪಿಗೂ ನೆಲಕ್ಕೂ ಇಳಿಯಬಹುದು. ದೀಪವು ಅಡಾಪ್ಟರಿನ ಮೂಲಕ 12 ಅಥವಾ 24 ವೋಲ್ಟಿನಲ್ಲಿ ನಡೆಯುವಂಥದ್ದಾಗಿರಲಿ. ನೀರಿಗೆ ಬೀಳುವ ಸಾಧ್ಯತೆ ಇದ್ದರೆ ನೀರು ಒಳನುಗ್ಗದಂತೆ ರಕ್ಷಣೆ ಇದೆಯೆಂದು ತಿಳಿಸುವ ಐಪಿ 67 ಅಥವಾ 68 ಎಂಬ ಗುರುತನ್ನು ನೋಡಬೇಕು. ತಂತಿಗಳು ಪ್ಲಗ್ಗಿಗೆ ಸೇರುವ ಮೊದಲು ಕೆಳಗೆ ಜೋತು ಬಿದ್ದು ಮೇಲೇರುವಂತಿದ್ದರೆ ಅವುಗಳ ಮೇಲೆ ಹರಿದು ಬಂದ ನೀರು ಪ್ಲಗ್ ಮುಟ್ಟದೆ ಕೆಳಗೆ ತೊಟ್ಟಿಕ್ಕುತ್ತದೆ. ಸೋರಿಕೆಯಾದ ವಿದ್ಯುತ್ತನ್ನು ಗುರುತಿಸಿ 30 ಮಿಲಿಆಂಪಿಯರಿನಲ್ಲೇ ಕಡಿತಗೊಳಿಸುವ ಬ್ರೇಕರ್ ಆ ಸಾಲಿನಲ್ಲಿರಬೇಕು, ನೀರಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ಗುಗಳನ್ನೂ ಕಿತ್ತಿರಬೇಕು. ರೋಗಾಣು ಕೊಲ್ಲುವ ಯುವಿ ದೀಪವನ್ನು ಅಲಂಕಾರದ ನೀಲಿ ದೀಪವೆಂದು ಭಾವಿಸಿ ತೊಟ್ಟಿಯ ಮೇಲೆ ಬಯಲಿಗೆ ಹಚ್ಚುವುದು ಕಣ್ಣಿಗೂ ಚರ್ಮಕ್ಕೂ ಅಪಾಯ. ಅದು ಮುಚ್ಚಿದ ಕವಚದೊಳಗೆ ಮಾತ್ರ ಉರಿಯಬೇಕಾದದ್ದು.

ಇಷ್ಟನ್ನು ಹೇಳಿದ ಮೇಲೆ, ತಯಾರಕರಲ್ಲಿ ನನ್ನ ಕೋರಿಕೆ. ಏರ್ ಪಂಪಿನ ಪೆಟ್ಟಿಗೆಯ ಮೇಲೆ ಗಾಳಿಯ ಪ್ರಮಾಣವನ್ನು 30 ಮತ್ತು 60 ಸೆಂಟಿಮೀಟರ್ ಆಳದಲ್ಲಿ ಅಳೆದು ಮುದ್ರಿಸಲಿ, ಸದ್ದು ಎಷ್ಟು ಡೆಸಿಬೆಲ್ ಎಂದೂ, ಅದನ್ನು ಎಷ್ಟು ದೂರದಲ್ಲಿ ಅಳೆಯಲಾಗಿದೆ ಎಂದೂ ಹೇಳಲಿ, ಡಯಾಫ್ರಂ ಬದಲಿಸುವ ವಿಧಾನವನ್ನು ಚಿತ್ರದೊಂದಿಗೆ ಕೊಡಲಿ. ದೀಪದ ಪೆಟ್ಟಿಗೆಯ ಮೇಲೆ ವ್ಯಾಟಿನ ಪಕ್ಕದಲ್ಲೇ ಲ್ಯುಮೆನ್, ಕೆಲ್ವಿನ್, 30 ಸೆಂಟಿಮೀಟರ್ ಆಳದಲ್ಲಿನ ಪಾರ್ ಮತ್ತು ನೀರಿನಿಂದ ರಕ್ಷಣೆಯ ದರ್ಜೆಯನ್ನು ಕಾಣುವ ಅಕ್ಷರದಲ್ಲಿ ಹಾಕಲಿ. ಇವುಗಳಲ್ಲಿ ಯಾವುದೂ ಅಳೆಯಲು ದುಸ್ಸಾಧ್ಯವಾದ ಸಂಗತಿಯಲ್ಲ. ಕೊಳ್ಳುವವರು ಈ ಅಂಕಿಗಳನ್ನು ಕೇಳತೊಡಗಿದರೆ ಮಾರುವವರು ಅವನ್ನು ತಯಾರಕರಿಂದ ಕೇಳಿ ಪಡೆಯಲೇಬೇಕಾಗುತ್ತದೆ. ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಮೀನು ಸಾಕಣೆಯ ಬಗ್ಗೆ ಮುಂದೆ ಲೇಖನ ಪ್ರಕಟಿಸುವಾಗ, ಈ ಅಂಕಿಗಳನ್ನು ಓದುವ ಬಗೆಯನ್ನು ತಿಳಿಸುವ ಒಂದು ಚಿಕ್ಕ ಕೋಷ್ಟಕವನ್ನು ಜೊತೆಗೆ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೀನು ಸಾಕುವ ಒಬ್ಬ ಓದುಗ